ಖಾಲಿ ಚಿಪ್ಪನ್ನು ದೇಹ ವರ್ಷಗಟ್ಟಲೆ ಹೇಗೆ ನೆನಪಿಟ್ಟುಕೊಳ್ಳುತ್ತದೆ?

ಪ್ರಶ್ನೆ: ನಾವು ಸಾಗರ ತಾಲ್ಲೂಕಿನವರು, ಅಡಿಕೆ ತೋಟ ಇದೆ. ಮಗಳಿಗೆ 11 ವರ್ಷ. ಗರ್ಭಕೊರಳಿನ ಕ್ಯಾನ್ಸರ್ ಬಾರದಂತೆ ಎಚ್‌ಪಿವಿ ಲಸಿಕೆ ಹಾಕಿಸಿ ಎಂದು ಡಾಕ್ಟರು ಹೇಳಿದರು. ಅದರಲ್ಲಿ ವೈರಸ್ಸೇ ಇಲ್ಲ, ಹೊರಗಿನ ಚಿಪ್ಪು ಮಾತ್ರ ಇರುತ್ತದೆ, ಒಂದೇ ಡೋಸ್ ಕೂಡ ತುಂಬಾ ವರ್ಷ ಕಾಯುತ್ತದೆ ಎಂದರು. ನನಗೆ ಅರ್ಥವಾಗಲಿಲ್ಲ. ಮಂಗನ ಕಾಯಿಲೆಗೆ ನಾವು ವರ್ಷ ವರ್ಷ ಇಂಜೆಕ್ಷನ್ ಚುಚ್ಚಿಸಿಕೊಂಡವರು. ಅದರಲ್ಲಿ ಇಡೀ ವೈರಸ್ಸೇ ಇತ್ತಂತೆ. ಆದರೂ ಸರಿಯಾಗಿ ಹಿಡಿಯಲಿಲ್ಲ. ಖಾಲಿ ಚಿಪ್ಪು ಹೇಗೆ ಹಿಡಿಯುತ್ತದೆ? ಮಗಳು ಕೇಳುವುದೂ ಇದನ್ನೇ: "ಒಳಗೆ ಏನೂ ಇಲ್ಲ ಅಂದ್ರೆ ದೇಹ ಯಾಕೆ ಹೆದರ್ಬೇಕು?" ನನಗೆ 38. ನಾನೂ ಹಾಕಿಸಿಕೊಳ್ಳಬಹುದಾ?

ಉತ್ತರ: ನಿಮ್ಮ ಮಗಳ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಕಾಲೇಜಿನಲ್ಲಿ ರೋಗನಿರೋಧಕ ಶಕ್ತಿಯ ಪಾಠ ಮಾಡುವಾಗ ಯಾರಾದರೂ ಈ ಪ್ರಶ್ನೆ ಕೇಳಲಿ ಎಂದು ನಾನು ಕಾಯುತ್ತಿರುತ್ತೇನೆ.

ಅವಳಿಗೊಂದು ಕೆಲಸ ಹೇಳಿ. ಕಣ್ಣು ಮುಚ್ಚಿಕೊಂಡು ಹಲಸಿನಕಾಯಿಯ ಮೇಲೆ ಅಂಗೈ ಇಡಲಿ. ಇದು ಹಲಸು ಎಂದು ಥಟ್ಟನೆ ಹೇಳುತ್ತಾಳೆ. ಕಾಯಿ ಕೊಯ್ಯಬೇಕಿಲ್ಲ, ತೊಳೆ ನೋಡಬೇಕಿಲ್ಲ, ಮೇಣ ಹಚ್ಚಿಕೊಳ್ಳಬೇಕಿಲ್ಲ. ಆಮೇಲೆ ಒಂದೇ ಬೆರಳಿನ ತುದಿಯನ್ನು ಒಂದೇ ಮುಳ್ಳಿನ ಮೇಲೆ ಇಡಲಿ. ಈಗ ಕಷ್ಟ. ಏನೋ ಮೊನಚಾಗಿದೆ, ಅಷ್ಟೇ ಗೊತ್ತಾಗುತ್ತದೆ. ಅಂಗೈಗೆ ಹಲಸಿನ ಗುರುತು ಹೇಳಿದ್ದು ಮುಳ್ಳಲ್ಲ, ಮುಳ್ಳಿನ ಸಾಲು. ಒಂದೇ ಥರದ ಮುಳ್ಳುಗಳು ಒಂದೇ ಅಂತರದಲ್ಲಿ ಒತ್ತಾಗಿ ಕೂತಿವೆಯಲ್ಲ, ಅದು.

ನಮ್ಮ ರಕ್ತದಲ್ಲಿ ಹೀಗೆ ಮುಟ್ಟಿ ನೋಡುವ ಕೋಶಗಳಿವೆ. ಅವೇ ಬಿ ಕೋಶಗಳು. ಒಂದೊಂದು ಬಿ ಕೋಶದ ಮೈಮೇಲೂ ಸುಮಾರು ಒಂದು ಲಕ್ಷ ಪುಟ್ಟ ಕವೆಗಳು ಇರುತ್ತವೆ. ಇಂಗ್ಲಿಷಿನ ವೈ ಅಕ್ಷರದ ಆಕಾರ. ಇವಕ್ಕೆ ರಿಸೆಪ್ಟರ್ ಎನ್ನುತ್ತೇವೆ. ಒಂದು ಕೋಶದ ಲಕ್ಷ ರಿಸೆಪ್ಟರ್‌ಗಳೂ ಒಂದೇ ಅಚ್ಚಿನವು. ಪಕ್ಕದ ಕೋಶದ್ದು ಬೇರೆ ಅಚ್ಚು. ಹೀಗೆ ಕೋಟಿಗಟ್ಟಲೆ ಅಚ್ಚುಗಳನ್ನು ದೇಹ ಮೊದಲೇ ಮಾಡಿಟ್ಟುಕೊಂಡಿರುತ್ತದೆ. ಯಾವ ರೋಗ ಬರುತ್ತದೋ ಗೊತ್ತಿಲ್ಲ, ಆದರೆ ಬಂದದ್ದಕ್ಕೆ ಯಾವುದಾದರೂ ಒಂದು ಅಚ್ಚು ಹೊಂದಲೇಬೇಕು ಎಂಬ ಲೆಕ್ಕ.

ಒಂದು ಪ್ರೋಟೀನ್ ಬಿಡಿಯಾಗಿ ಬಂದು ಒಂದು ರಿಸೆಪ್ಟರ್‌ಗೆ ತಾಗಿತು ಎನ್ನಿ. ಬಿ ಕೋಶ ಹೆಚ್ಚೇನೂ ಮಾಡುವುದಿಲ್ಲ. ಅದೇ ಪ್ರೋಟೀನು ಸಾಲಾಗಿ, ಐದರಿಂದ ಹತ್ತು ನ್ಯಾನೊಮೀಟರ್ (ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ಅಂತರದಲ್ಲಿ, ಗಟ್ಟಿಯಾಗಿ ಕೂತು ಬಂದರೆ ಏಕಕಾಲಕ್ಕೆ ಹತ್ತಾರು ರಿಸೆಪ್ಟರ್‌ಗಳು ಹಿಡಿದುಕೊಳ್ಳುತ್ತವೆ. ಅವೆಲ್ಲ ಒಂದೆಡೆ ಎಳೆದುಕೊಂಡು ಗುಂಪಾಗುತ್ತವೆ. ಆ ಗುಂಪಾಗುವುದೇ ಕೋಶದೊಳಕ್ಕೆ ಹೋಗುವ ಸುದ್ದಿ. ಆಗ ಬಿ ಕೋಶ ಎಚ್ಚರಾಗುತ್ತದೆ. ಮಾರ್ಟಿನ್ ಬಾಖ್ಮನ್, ರಾಲ್ಫ್ ಜಿಂಕರ್ನಾಗೆಲ್ ಮತ್ತು ಅವರ ಜೊತೆಗಾರರು 1993ರಲ್ಲಿ ಇಲಿಗಳ ಮೇಲೆ ಇದನ್ನು ಚೆನ್ನಾಗಿ ತೋರಿಸಿದರು. ಒಂದೇ ವೈರಸ್ ಪ್ರೋಟೀನು, ಆದರೆ ಅದು ಎಷ್ಟು ಸಾಲಾಗಿ ಜೋಡಿಸಿಕೊಂಡಿದೆ ಎನ್ನುವುದರ ಮೇಲೆ ಬಿ ಕೋಶದ ಉತ್ತರ ಬದಲಾಗುತ್ತಿತ್ತು.

ಸಾಲು ಕಂಡರೆ ದೇಹ ಯಾಕೆ ಇಷ್ಟು ಎಚ್ಚರವಾಗಬೇಕು? ನನಗೆ ತುಂಬಾ ಇಷ್ಟವಾದ ವಿಷಯ ಇದು, ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ.

ವೈರಸ್ ಎಂದರೆ ಬಡವ. ಮನುಷ್ಯನ ಡಿಎನ್‌ಎಯ ಒಂದು ಪೂರ್ತಿ ಪ್ರತಿ ಸುಮಾರು 300 ಕೋಟಿ ಅಕ್ಷರ. ಗರ್ಭಕೊರಳಿನ ಕ್ಯಾನ್ಸರ್ ತರುವ ವೈರಸ್ ಎಚ್‌ಪಿವಿಯದ್ದು ಹೆಚ್ಚುಕಮ್ಮಿ ಎಂಟು ಸಾವಿರ ಅಕ್ಷರ ಮಾತ್ರ. ಅಷ್ಟು ಚಿಕ್ಕ ಗಂಟಿನಲ್ಲಿ ಹತ್ತಾರು ಬಗೆಯ ಇಟ್ಟಿಗೆಗಳ ನಕ್ಷೆ ಹಿಡಿಸುವುದಿಲ್ಲ. ಹಾಗಾಗಿ ಒಂದೆರಡು ಬಗೆಯ ಇಟ್ಟಿಗೆಯನ್ನೇ ನೂರಾರು ಸಲ ಬಳಸಿ ಗೋಡೆ ಕಟ್ಟಿಕೊಳ್ಳುತ್ತದೆ. ಡಿಎನ್‌ಎ ರಚನೆ ಕಂಡುಹಿಡಿದ ಕ್ರಿಕ್ ಮತ್ತು ವಾಟ್ಸನ್ 1956ರಲ್ಲೇ ಇದನ್ನು ಊಹಿಸಿ ಬರೆದಿದ್ದರು. ಒಂದೇ ಇಟ್ಟಿಗೆ ಎಂದರೆ ಒಂದೇ ಥರದ ಸಾಲು. ವೈರಸ್ಸು ಏನನ್ನು ಬದಲಿಸಿಕೊಂಡರೂ ಈ ಸಾಲನ್ನು ಮಾತ್ರ ಬಿಡುವ ಹಾಗಿಲ್ಲ. ಬಿಟ್ಟರೆ ಗೋಡೆಯೇ ನಿಲ್ಲುವುದಿಲ್ಲ.

ನಮ್ಮ ದೇಹದ ಕೋಶಗಳ ಹೊರಮೈ ಹಾಗಿಲ್ಲ. ಅಲ್ಲಿ ಪ್ರೋಟೀನುಗಳು ಕೆರೆಯ ನೀರಿನ ಮೇಲೆ ತೇಲುವ ಎಲೆಗಳ ಹಾಗೆ ಅತ್ತಿತ್ತ ಓಡಾಡುತ್ತಿರುತ್ತವೆ. ಗಟ್ಟಿಯಾಗಿ ಕೂತ, ಒತ್ತೊತ್ತಾದ, ಒಂದೇ ಅಚ್ಚಿನ ಸಾಲು ಬಿ ಕೋಶಕ್ಕೆ ಸಿಕ್ಕಿತು ಎಂದರೆ ಅದು ಹೆಚ್ಚಾಗಿ ಹೊರಗಿನಿಂದ ಬಂದದ್ದು. ಬಿ ಕೋಶ ವೈರಸ್ಸಿನ ಹೊಟ್ಟೆ ಬಗೆದು ಡಿಎನ್‌ಎ ಇದೆಯಾ ಇಲ್ಲವಾ ಎಂದು ನೋಡಿ ಆಮೇಲೆ ಎಚ್ಚರಾಗುವುದಲ್ಲ. ಮೈ ಮುಟ್ಟಿಯೇ ತೀರ್ಮಾನ ಮಾಡುತ್ತದೆ. ಮಗಳಿಗೆ ಹೇಳಿ, ದೇಹ ಹೆದರುವುದು ಒಳಗಿರುವುದಕ್ಕಲ್ಲ, ಹೊರಗಿನ ಸಾಲಿಗೆ.

ಇನ್ನು ಲಸಿಕೆಯ ಚಿಪ್ಪು. ಎಚ್‌ಪಿವಿಯ ಹೊರಗೋಡೆಯ ಮುಖ್ಯ ಪ್ರೋಟೀನಿನ ಹೆಸರು ಎಲ್1. ಅದನ್ನು ಮಾಡುವ ಜೀನನ್ನು ಮಾತ್ರ ತೆಗೆದು ಯೀಸ್ಟ್ ಕೋಶಕ್ಕೆ ಹಾಕುತ್ತಾರೆ. ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಯೀಸ್ಟೋ, ಅದರ ನೆಂಟ ಜಾತಿಯೋ. ಯೀಸ್ಟು ಎಲ್1 ಪ್ರೋಟೀನನ್ನು ರಾಶಿ ರಾಶಿ ಮಾಡಿಕೊಡುತ್ತದೆ. ಅಲ್ಲಿಂದ ಮುಂದೆ ಯಾರೂ ಜೋಡಿಸಬೇಕಿಲ್ಲ. ಐದೈದು ಎಲ್1 ಸೇರಿ ಒಂದು ಗುಬ್ಬಿ, ಅಂದರೆ ಮುಳ್ಳಿನಂಥ ಉಬ್ಬು. ಅಂಥ 72 ಗುಬ್ಬಿ ಸೇರಿ ಒಂದು ಚೆಂಡು. ಒಟ್ಟು 360 ಪ್ರೋಟೀನು ತಾವಾಗಿಯೇ ಕೂಡಿಕೊಳ್ಳುತ್ತವೆ. ಅಳತೆ ಸುಮಾರು 55 ನ್ಯಾನೊಮೀಟರ್, ಅಂದರೆ ತಲೆಗೂದಲಿನ ಅಗಲದಲ್ಲಿ ಸಾವಿರಕ್ಕೂ ಜಾಸ್ತಿ ಚೆಂಡು ಸಾಲಾಗಿ ಕೂರುತ್ತವೆ. ಒಳಗೆ ವೈರಸ್ಸಿನ ಡಿಎನ್‌ಎ ಇಲ್ಲ. ಹಾಗಾಗಿ ಅದು ಬೆಳೆಯುವುದಿಲ್ಲ, ಸೋಂಕು ತರುವುದಿಲ್ಲ, ಕ್ಯಾನ್ಸರ್ ತರುವ ಮಾತಂತೂ ಇಲ್ಲವೇ ಇಲ್ಲ. ಇದಕ್ಕೇ ವೈರಸ್‌ನಂಥ ಕಣ ಎನ್ನುವುದು. ಅರ್ಧ ಎಂಎಲ್ ಡೋಸಿನಲ್ಲಿ ಇಂಥ ಕಣಗಳ ಸಂಖ್ಯೆ ಲಕ್ಷ ಕೋಟಿಯನ್ನು ದಾಟುತ್ತದೆ.

ಎಲೆಕ್ಟ್ರಾನ್ ಮೈಕ್ರೊಸ್ಕೋಪಿನಲ್ಲಿ ತೆಗೆದ ಇವುಗಳ ಚಿತ್ರ ಮೊದಲ ಸಲ ನೋಡಿದಾಗ ನನಗೆ ನೆನಪಾದದ್ದು ನಮ್ಮ ಮನೆಯ ಹಿಂದಿನ ಹಲಸಿನ ಮರದ ಎಳೆ ಗುಜ್ಜೆ. ಬೂದು ಬಣ್ಣದ ಹಿನ್ನೆಲೆಯಲ್ಲಿ ದುಂಡು ದುಂಡು ಚೆಂಡುಗಳು, ಮೈತುಂಬ ಒಂದೇ ಅಳತೆಯ ಗುಬ್ಬಿ. ಅಸಲಿ ವೈರಸ್ಸಿನ ಚಿತ್ರ ಪಕ್ಕದಲ್ಲಿ ಇಟ್ಟರೆ ಯಾವುದು ಯಾವುದು ಎಂದು ಹೊರಗಿನಿಂದ ಹೇಳುವುದು ಕಷ್ಟ.

ಈ ಕಣಗಳನ್ನು ಮೊದಲು ಮಾಡಿ ತೋರಿಸಿದವರು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಇಯಾನ್ ಫ್ರೇಜರ್ ಮತ್ತು ಜಿಯಾನ್ ಝೌ, 1991ರಲ್ಲಿ. ಮರುವರ್ಷ ಅಮೆರಿಕದಲ್ಲಿ ಜಾನ್ ಶಿಲ್ಲರ್ ಮತ್ತು ಡಗ್ಲಾಸ್ ಲೋವಿ ತಂಡ ಎಲ್1 ಒಂದರಿಂದಲೇ ಕಣ ಕಟ್ಟಿತು. ಆಮೇಲೆ ಅವರಿಗೊಂದು ತೊಡಕು ಎದುರಾಯಿತು. ಆಗ ಎಲ್ಲ ಲ್ಯಾಬಿನವರೂ ಬಳಸುತ್ತಿದ್ದ ಎಚ್‌ಪಿವಿ 16 ಎಂಬ ಬಗೆಯ ಜೀನು ಕ್ಯಾನ್ಸರ್ ಗಡ್ಡೆಯಿಂದ ತೆಗೆದದ್ದು. ಅದು ಮಾಡುವ ಪ್ರೋಟೀನಿನಲ್ಲಿ ಒಂದೇ ಒಂದು ಅಮೈನೊ ಆಮ್ಲ, ಅಂದರೆ ಪ್ರೋಟೀನಿನ ಸರದ ಒಂದು ಮಣಿ, ಬದಲಾಗಿತ್ತು. ಅಷ್ಟಕ್ಕೇ ಪ್ರೋಟೀನುಗಳು ಸರಿಯಾಗಿ ಕೂಡಿಕೊಳ್ಳುತ್ತಿರಲಿಲ್ಲ. ಮಾಮೂಲಿ ಸೋಂಕಿನಿಂದ ತೆಗೆದ ಜೀನು ಹಾಕಿದ ಮೇಲೆ ಚೆಂಡುಗಳು ಧಾರಾಳವಾಗಿ ಬಂದವು. ಇನ್ನೂ ಒಂದು ಮಾತು. ಅದೇ ಎಲ್1 ಪ್ರೋಟೀನನ್ನು ಆಕಾರ ಕೆಡಿಸಿ ಕೊಟ್ಟರೆ ವೈರಸ್ಸನ್ನು ತಡೆಯುವ ಆ್ಯಂಟಿಬಾಡಿ, ಅಂದರೆ ಬಿ ಕೋಶಗಳಿಂದ ರಕ್ತಕ್ಕೆ ಬರುವ ಪ್ರೋಟೀನು, ಹುಟ್ಟುವುದಿಲ್ಲ. ವಸ್ತು ಅದೇ, ತೂಕ ಅದೇ. ಆಕಾರ ಹೋದರೆ ಲಸಿಕೆಯೇ ಹೋಯಿತು.

ಬಿ ಎಂಬ ಹೆಸರು ಬಂದ ಕತೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕೋಳಿ ಸಾಕುವವರಿಗೆ ಇದು ಹತ್ತಿರದ ವಿಷಯ. ಎಳೆ ಕೋಳಿ ಕೊಯ್ದಾಗ ಗುದದ್ವಾರದ ಹತ್ತಿರ, ಬೆನ್ನ ಕಡೆಗೆ, ಸಣ್ಣ ನೆಲ್ಲಿಕಾಯಿಯಂಥ ಒಂದು ಚೀಲ ಸಿಗುತ್ತದೆ. ಅದೇ ಬರ್ಸಾ. 1950ರ ದಶಕದಲ್ಲಿ ಅಮೆರಿಕದ ಬ್ರೂಸ್ ಗ್ಲಿಕ್ ಎಂಬ ಸಂಶೋಧಕ ಬರ್ಸಾ ತೆಗೆದ ಕೋಳಿಗಳನ್ನು ಸಾಕಿಕೊಂಡಿದ್ದರು. ಅವರ ಗೆಳೆಯ ತಿಮೋತಿ ಚಾಂಗ್ ಪಾಠಕ್ಕೆ ಬೇಕು ಎಂದು ಆ ಕೋಳಿಗಳನ್ನು ತೆಗೆದುಕೊಂಡು ಹೋದರು. ಚುಚ್ಚುಮದ್ದು ಕೊಟ್ಟರೂ ಅವುಗಳಲ್ಲಿ ಆ್ಯಂಟಿಬಾಡಿ ಬರಲೇ ಇಲ್ಲ. ದೊಡ್ಡ ಪತ್ರಿಕೆ ಆ ಬರಹವನ್ನು ವಾಪಸ್ ಕಳಿಸಿತು. ಕೊನೆಗೆ 1956ರಲ್ಲಿ ಕೋಳಿ ಸಾಕಣೆಯ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಬರ್ಸಾದಲ್ಲಿ ಬಲಿಯುವ ಕೋಶ ಎಂದೇ ಬಿ ಕೋಶ. ಮನುಷ್ಯರಿಗೆ ಬರ್ಸಾ ಇಲ್ಲ, ನಮ್ಮಲ್ಲಿ ಆ ಕೆಲಸ ಮೂಳೆಯ ಮಜ್ಜೆಯದ್ದು. ಶಿವಮೊಗ್ಗ ಸುತ್ತಮುತ್ತ ಕೋಳಿ ಫಾರಂ ಇಟ್ಟವರಿಗೆ ಗಂಬೊರೊ ರೋಗ ಗೊತ್ತಿರುತ್ತದೆ. ಆ ವೈರಸ್ ಬರ್ಸಾವನ್ನೇ ಹಾಳು ಮಾಡುತ್ತದೆ. ಮರಿಯಿದ್ದಾಗಲೇ ಗಂಬೊರೊ ಬಂದು ಬದುಕಿದ ಕೋಳಿಗೆ ಆಮೇಲೆ ರಾಣಿಖೇತ್ ಲಸಿಕೆ ಹಾಕಿದರೂ ಸರಿಯಾಗಿ ಹಿಡಿಯುವುದಿಲ್ಲ. ಲಸಿಕೆ ಒಳ್ಳೆಯದೇ, ಕೇಳಿಸಿಕೊಳ್ಳುವ ಬಿ ಕೋಶ ಇಲ್ಲ.

ಈಗ ನಿಮ್ಮ ಮಗಳ ತೋಳಿಗೆ ಸೂಜಿ ಚುಚ್ಚಿದ ಮೇಲೆ ಏನಾಗುತ್ತದೆ ನೋಡೋಣ. ಕಾಲಿಗೆ ಮುಳ್ಳು ಹೊಕ್ಕು ಕೀವಾದರೆ ತೊಡೆಸಂದಿಯಲ್ಲಿ ಗಂಟು ಕಟ್ಟುತ್ತದೆ ಅಲ್ವಾ? ಆ ಗಂಟೇ ದುಗ್ಧಗ್ರಂಥಿ. ಕಂಕುಳಲ್ಲಿ, ಕುತ್ತಿಗೆಯಲ್ಲಿ, ತೊಡೆಸಂದಿಯಲ್ಲಿ ಹುರುಳಿಕಾಳಿನಿಂದ ಅವರೆಕಾಳಿನಷ್ಟು ದೊಡ್ಡದಾಗಿ ಇರುತ್ತವೆ. ತೋಳಿನ ಲಸಿಕೆಗೆ ಕಂಕುಳಿನ ಗ್ರಂಥಿಗಳು. ಕಣ ಎಷ್ಟು ದೊಡ್ಡದು ಎನ್ನುವುದಕ್ಕೂ ಇಲ್ಲಿ ಬೆಲೆಯಿದೆ. ಸುಮಾರು 20ರಿಂದ 200 ನ್ಯಾನೊಮೀಟರ್‌ನ ಕಣಗಳು ದುಗ್ಧರಸದ ಸಣ್ಣ ಕಾಲುವೆಗಳಲ್ಲಿ ತಾವಾಗಿಯೇ ಹರಿದು ಗ್ರಂಥಿ ಸೇರುತ್ತವೆ. ಅದಕ್ಕಿಂತ ದೊಡ್ಡದಾದರೆ ಬೇರೆ ಕೋಶಗಳು ಹೊತ್ತು ತರಬೇಕು. 55 ನ್ಯಾನೊಮೀಟರ್‌ನ ನಮ್ಮ ಚೆಂಡು ಸಲೀಸಾಗಿ ಹೋಗುತ್ತದೆ. ಗ್ರಂಥಿಯ ಅಂಚಿನಲ್ಲಿ ಕಾವಲು ಕೂತ ಮ್ಯಾಕ್ರೊಫೇಜ್ ಕೋಶಗಳು ಅದನ್ನು ಹಿಡಿದು, ಆಕಾರ ಕೆಡಿಸದೆ, ಒಳಗಿರುವ ಬಿ ಕೋಶಗಳಿಗೆ ದಾಟಿಸುತ್ತವೆ.

ಅಚ್ಚು ಹೊಂದಿದ ಬಿ ಕೋಶ ಚೆಂಡನ್ನು ಹಿಡಿದು ನುಂಗುತ್ತದೆ. ಒಳಗೆ ಚೂರು ಮಾಡಿ, ಆ ಚೂರುಗಳನ್ನು ಮೈಮೇಲೆ ಇಟ್ಟುಕೊಂಡು ರೋಗನಿರೋಧಕ ಪಡೆಯ ಇನ್ನೊಂದು ಬಗೆಯಾದ ಟಿ ಸಹಾಯಕ ಕೋಶಕ್ಕೆ ತೋರಿಸುತ್ತದೆ. ಟಿ ಕೋಶವೂ ಹೌದು ಎಂದರೆ ಮಾತ್ರ ಮುಂದಿನ ದಾರಿ ತೆರೆಯುತ್ತದೆ. ಇಬ್ಬರು ಒಪ್ಪಿದರೇ ಕೆಲಸ, ಒಬ್ಬರ ಮಾತಿಗೆ ಅಲ್ಲ. ಲಸಿಕೆಯಲ್ಲಿರುವ ಅಲ್ಯೂಮಿನಿಯಂ ಲವಣ ಈ ಎಚ್ಚರವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ.

ಒಪ್ಪಿಗೆ ಸಿಕ್ಕ ಕೆಲವು ಬಿ ಕೋಶಗಳು ತಕ್ಷಣ ಆ್ಯಂಟಿಬಾಡಿ ಸುರಿಸಲು ಹೋಗುತ್ತವೆ. ಅದು ಅವಸರದ ಸರಕು, ಸಾಧಾರಣ ಗುಣಮಟ್ಟ. ಉಳಿದವು ಗ್ರಂಥಿಯ ನಡುವೆ ಗುಂಪು ಕಟ್ಟುತ್ತವೆ. ಒಂದು ವಾರದ ಹೊತ್ತಿಗೆ ಅಲ್ಲೊಂದು ದುಂಡನೆಯ ಕೇಂದ್ರ ಎದ್ದುನಿಲ್ಲುತ್ತದೆ. ಇದರ ಹೆಸರು ಜರ್ಮಿನಲ್ ಸೆಂಟರ್. ನಾನು ಇದನ್ನು ಸಸಿಮಡಿ ಎಂದು ಕರೆಯುತ್ತೇನೆ.

ಟಾನ್ಸಿಲ್ ಗ್ರಂಥಿಯ ಸ್ಲೈಡನ್ನು ಮೈಕ್ರೊಸ್ಕೋಪಿಗೆ ಇಟ್ಟರೆ ಈ ಸಸಿಮಡಿ ಕಣ್ಣಿಗೆ ಬೀಳುತ್ತದೆ. ನೇರಳೆ ಬಣ್ಣದ ನಡುವೆ ತಿಳಿ ಬಣ್ಣದ ದುಂಡು. ಅದರ ಒಂದು ಮಗ್ಗುಲು ಕಡುಬಣ್ಣ, ಇನ್ನೊಂದು ಮಗ್ಗುಲು ತಿಳಿ. ಕಡುಬಣ್ಣದ ಕಡೆ ಬಿ ಕೋಶಗಳು ಒತ್ತೊತ್ತಾಗಿ ನಿಂತು ಬೇಗ ಬೇಗ ಎರಡಾಗುತ್ತಿರುತ್ತವೆ. ನಡುನಡುವೆ ಬೆಳ್ಳಗೆ ಉಬ್ಬಿದ ದೊಡ್ಡ ಕೋಶಗಳು, ಹೊಟ್ಟೆಯಲ್ಲಿ ಕಪ್ಪು ಚುಕ್ಕಿಗಳು. ಸತ್ತ ಬಿ ಕೋಶಗಳನ್ನು ನುಂಗಿ ಜಾಗ ಸ್ವಚ್ಛ ಮಾಡುವ ಮ್ಯಾಕ್ರೊಫೇಜ್‌ಗಳು ಅವು. ಆ ಚುಕ್ಕಿಗಳನ್ನು ತೋರಿಸಿ ವಿದ್ಯಾರ್ಥಿಗಳಿಗೆ ಹೇಳುತ್ತೇನೆ, ಇಲ್ಲಿ ಹುಟ್ಟಿದವುಗಳಲ್ಲಿ ಹೆಚ್ಚಿನವು ಇಲ್ಲೇ ಸಾಯುತ್ತವೆ ಎಂದು.

ಯಾಕೆ ಸಾಯಬೇಕು? ಕಡುಬಣ್ಣದ ಕಡೆ ಬಿ ಕೋಶಗಳು ತಮ್ಮ ರಿಸೆಪ್ಟರ್‌ನ ಜೀನನ್ನು ಬೇಕೆಂದೇ ತಪ್ಪು ತಪ್ಪಾಗಿ ನಕಲು ಮಾಡಿಕೊಳ್ಳುತ್ತವೆ. ಮಾಮೂಲಿಗಿಂತ ಸುಮಾರು ಹತ್ತು ಲಕ್ಷ ಪಟ್ಟು ಜಾಸ್ತಿ ತಪ್ಪು. ಹೀಗೆ ಒಂದೊಂದು ಮರಿಗೂ ಸ್ವಲ್ಪ ಬೇರೆ ಕವೆ ಬರುತ್ತದೆ. ಆಮೇಲೆ ಅವು ತಿಳಿ ಬಣ್ಣದ ಕಡೆ ಬರುತ್ತವೆ. ಅಲ್ಲಿ ಫಾಲಿಕ್ಯುಲರ್ ಡೆಂಡ್ರಿಟಿಕ್ ಎಂಬ ಕೋಶಗಳು ನಮ್ಮ ಚೆಂಡನ್ನು ವಾರಗಟ್ಟಲೆ ಕೈಯಲ್ಲಿ ಹಿಡಿದು ನಿಂತಿರುತ್ತವೆ. ಯಾವ ಬಿ ಕೋಶ ಗಟ್ಟಿಯಾಗಿ ಹಿಡಿದು ಕಿತ್ತುಕೊಳ್ಳುತ್ತದೋ ಅದಕ್ಕೆ ಟಿ ಕೋಶ ಬದುಕಲು ಸಂಕೇತ ಕೊಡುತ್ತದೆ. ಸಡಿಲವಾಗಿ ಹಿಡಿದದ್ದು ಅಲ್ಲೇ ಮುಗಿಯುತ್ತದೆ. ಗೆದ್ದದ್ದು ಮತ್ತೆ ಕಡುಬಣ್ಣದ ಕಡೆ ಹೋಗಿ ಮತ್ತೆ ತಪ್ಪು ಮಾಡಿ ಮತ್ತೆ ಪರೀಕ್ಷೆಗೆ ಬರುತ್ತದೆ. ಗದ್ದೆಯಲ್ಲಿ ಒಳ್ಳೆಯ ತೆನೆ ಆರಿಸಿ ಬೀಜಕ್ಕಿಟ್ಟು, ಮರುವರ್ಷ ಅದರಲ್ಲೂ ಒಳ್ಳೆಯದನ್ನು ಆರಿಸುತ್ತಾ ಹೋಗುತ್ತೇವಲ್ಲ, ಅದೇ ಕೆಲಸ. ಆದರೆ ಇಲ್ಲಿ ಒಂದು ಬೆಳೆಗೆ ಒಂದು ದಿನವೂ ಬೇಡ. ಇದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನಡೆಯುತ್ತದೆ. ಹೊರಗೆ ಮಗಳು ಶಾಲೆಗೆ ಹೋಗಿ ಆಡಿಕೊಂಡಿರುತ್ತಾಳೆ. ತೋಳಿನ ನೋವು ಎರಡು ದಿನಕ್ಕೆ ಮರೆತಿರುತ್ತದೆ.

ಸಸಿಮಡಿಯಿಂದ ಎರಡು ಬಗೆಯವು ಹೊರಬರುತ್ತವೆ. ರೋಗನಿರೋಧಕ ನೆನಪು ಎಂದರೆ ಈ ಎರಡೇ. ಒಂದು ಊಟದ ಭತ್ತ, ಇನ್ನೊಂದು ಬೀಜದ ಭತ್ತ.

ಊಟದ ಭತ್ತ ಎಂದರೆ ಪ್ಲಾಸ್ಮಾ ಕೋಶ. ಇದು ಮಜ್ಜೆಗೆ ಹೋಗಿ ನೆಲೆಸುತ್ತದೆ. ಇನ್ನು ಎರಡಾಗುವುದಿಲ್ಲ, ಯಾರನ್ನೂ ಮುಟ್ಟಿ ನೋಡುವುದಿಲ್ಲ. ಕೂತಲ್ಲೇ ಕೂತು ಸೆಕೆಂಡಿಗೆ ಸಾವಿರಾರು ಆ್ಯಂಟಿಬಾಡಿ ಸುರಿಸುತ್ತಿರುತ್ತದೆ. ಆ್ಯಂಟಿಬಾಡಿ ಎಂದರೆ ಬೇರೇನಲ್ಲ, ಆ ಬಿ ಕೋಶದ ಕವೆಯೇ ಮೈಯಿಂದ ಬಿಡಿಸಿಕೊಂಡು ರಕ್ತಕ್ಕೆ ಬಂದದ್ದು. ಮಜ್ಜೆಯಲ್ಲಿ ಒಳ್ಳೆಯ ಜಾಗ ಸಿಕ್ಕ ಪ್ಲಾಸ್ಮಾ ಕೋಶ ದಶಕಗಟ್ಟಲೆ ಬದುಕುತ್ತದೆ.

ಬೀಜದ ಭತ್ತ ಎಂದರೆ ಮೆಮೊರಿ ಬಿ ಕೋಶ. ಇದು ಏನನ್ನೂ ಸುರಿಸುವುದಿಲ್ಲ. ಮುಡಿ ಕಟ್ಟಿಟ್ಟ ಬೀಜದ ಹಾಗೆ ಸುಮ್ನೆ ಇರುತ್ತದೆ. ಅದೇ ಚೆಂಡು ಇನ್ನೊಮ್ಮೆ ಬಂದರೆ ಮಾತ್ರ ಮೊಳೆಯುತ್ತದೆ. ಮೊದಲ ಸಲ ಒಳ್ಳೆಯ ಆ್ಯಂಟಿಬಾಡಿ ಬರಲು ಎರಡು ವಾರವಾದರೂ ಬೇಕಿತ್ತು. ಈ ಸಲ ನಾಲ್ಕೈದು ದಿನ ಸಾಕು, ಮತ್ತು ಬರುವುದು ಆರಿಸಿದ ಸರಕು.

ನೆನಪು ಎಷ್ಟು ದಿನ ಇರುತ್ತದೆ ಎನ್ನುವುದಕ್ಕೆ ಒಂದು ಹಳೆಯ ಸಂಗತಿ ಇದೆ. ಉತ್ತರ ಅಟ್ಲಾಂಟಿಕ್‌ನ ಫ್ಯಾರೊ ದ್ವೀಪಗಳಿಗೆ 1781ರಲ್ಲಿ ದಡಾರ ಬಂದುಹೋಗಿತ್ತು. ಆಮೇಲೆ 65 ವರ್ಷ ಅಲ್ಲಿ ದಡಾರವೇ ಇರಲಿಲ್ಲ. 1846ರಲ್ಲಿ ಮತ್ತೆ ಬಂದಾಗ ಹೆಚ್ಚಿನವರು ಮಲಗಿದರು. ಪೀಟರ್ ಪಾನಮ್ ಎಂಬ ಎಳೆಯ ಡಾಕ್ಟರು ಮನೆ ಮನೆಗೆ ಹೋಗಿ ವಿಚಾರಿಸಿದರು. 1781ರಲ್ಲಿ ದಡಾರ ಬಂದಿದ್ದ ಮುದುಕರಲ್ಲಿ ಒಬ್ಬರಿಗೂ ಈ ಸಲ ಬಂದಿರಲಿಲ್ಲ. ನಡುವೆ ಅರವತ್ತೈದು ವರ್ಷ ಯಾರೂ ನೆನಪು ಮಾಡಿಕೊಟ್ಟಿರಲಿಲ್ಲ.

ಊಟದ ಭತ್ತ ಬೇಕಾ, ಬೀಜದ ಭತ್ತ ಸಾಕಾ ಎನ್ನುವುದು ಎದುರಿಗಿರುವ ರೋಗದ ಮೇಲೆ ನಿಂತಿದೆ. ಹೆಪಟೈಟಿಸ್ ಬಿ ಲಸಿಕೆಯೂ ಇಂಥದ್ದೇ ಖಾಲಿ ಕಣ, 22 ನ್ಯಾನೊಮೀಟರ್‌ನದ್ದು. ಮೊದಮೊದಲು, 1981ರಲ್ಲಿ, ರೋಗವಾಹಕರ ರಕ್ತದಿಂದ ಶುದ್ಧ ಮಾಡಿ ತೆಗೆಯುತ್ತಿದ್ದರು. 1986ರಿಂದ ಯೀಸ್ಟಿನಲ್ಲಿ ಬರತೊಡಗಿತು. ನಮ್ಮ ದೇಶದಲ್ಲೇ ತಯಾರಾದದ್ದು 1997ರಲ್ಲಿ, ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್‌ನಿಂದ. ಈ ಲಸಿಕೆ ಹಾಕಿಸಿಕೊಂಡವರಲ್ಲಿ ವರ್ಷ ಕಳೆದಂತೆ ರಕ್ತದ ಆ್ಯಂಟಿಬಾಡಿ ಇಳಿಯುತ್ತದೆ. ಕೆಲವರಲ್ಲಿ ಟೆಸ್ಟಿಗೂ ಸಿಗುವುದಿಲ್ಲ. ಆದರೂ ಅವರಿಗೆ ರೋಗ ಬರುವುದು ತೀರಾ ಅಪರೂಪ. ಯಾಕೆಂದರೆ ಹೆಪಟೈಟಿಸ್ ಬಿ ನಿಧಾನದ ವೈರಸ್. ದೇಹ ಹೊಕ್ಕ ಮೇಲೆ ರೋಗವಾಗಿ ಕಾಣಲು ಎರಡರಿಂದ ಐದು ತಿಂಗಳು ಬೇಕು. ಅಷ್ಟರೊಳಗೆ ಬೀಜ ಮೊಳೆತು ಬೆಳೆಯೇ ಬಂದಿರುತ್ತದೆ.

ಎಚ್‌ಪಿವಿ ವಿಷಯ ಬೇರೆ. ಅದು ರಕ್ತಕ್ಕೆ ಬರುವುದೇ ಇಲ್ಲ. ಗರ್ಭಕೊರಳಿನ ತೆಳು ಪದರದಲ್ಲಿ ಕಣ್ಣಿಗೆ ಕಾಣದ ತರಚು ಇದ್ದರೆ ಅಲ್ಲಿಂದ ತಳದ ಕೋಶಗಳಿಗೆ ಇಳಿದು ಅಡಗಿಕೊಳ್ಳುತ್ತದೆ. ಒಮ್ಮೆ ಒಳಗೆ ಕೂತಿತೆಂದರೆ ಆ್ಯಂಟಿಬಾಡಿ ಅದನ್ನು ಮುಟ್ಟಲಾರದು. ಹಾಗಾಗಿ ವೈರಸ್ ಬಾಗಿಲಿಗೆ ಬಂದ ಗಳಿಗೆಯಲ್ಲೇ ಆ್ಯಂಟಿಬಾಡಿ ಅಲ್ಲಿರಬೇಕು. ತರಚಿನ ಜಾಗದಲ್ಲಿ ರಕ್ತದ ರಸ ಒಸರುತ್ತದೆ, ಅದರ ಜೊತೆ ಆ್ಯಂಟಿಬಾಡಿಯೂ ಬರುತ್ತದೆ. ಇಲ್ಲಿ ಬೇಕಾದದ್ದು ಊಟದ ಭತ್ತವೇ, ಮಜ್ಜೆಯ ಪ್ಲಾಸ್ಮಾ ಕೋಶ. ಈ ಲಸಿಕೆ ಅದನ್ನೇ ಚೆನ್ನಾಗಿ ಮಾಡುತ್ತದೆ. ಮೊದಲ ವರ್ಷ ಏರಿದ ಆ್ಯಂಟಿಬಾಡಿ ಸ್ವಲ್ಪ ಇಳಿದು, ಆಮೇಲೆ ಒಂದು ಮಟ್ಟದಲ್ಲಿ ನಿಂತುಬಿಡುತ್ತದೆ. ಕೋಸ್ಟಾ ರಿಕಾದಲ್ಲಿ ಒಂದೇ ಡೋಸ್ ಪಡೆದವರನ್ನು ಹತ್ತು ವರ್ಷಕ್ಕೂ ಮೇಲೆ ಹಿಂಬಾಲಿಸಿ ನೋಡಿದರು. ಆ ಮಟ್ಟ ಹಾಗೆಯೇ ಇತ್ತು. ಇದಕ್ಕೆ ಶಿಲ್ಲರ್, ಲೋವಿಯಂಥವರು ಕೊಡುವ ಮುಖ್ಯ ಕಾರಣ ಆ ಗಟ್ಟಿ ಸಾಲೇ. ಶುರುವಿನಲ್ಲೇ ಬಿ ಕೋಶಕ್ಕೆ ಅಷ್ಟು ಜೋರಾಗಿ ಸುದ್ದಿ ಮುಟ್ಟಿದರೆ ಮಜ್ಜೆಗೆ ಹೋಗಿ ಬಹಳ ಕಾಲ ಉಳಿಯುವ ಪ್ಲಾಸ್ಮಾ ಕೋಶಗಳು ಹೆಚ್ಚು ಹುಟ್ಟುತ್ತವೆ.

ಒಂದು ಡೋಸ್ ಸಾಕು ಎನ್ನುವುದಕ್ಕೆ ದೊಡ್ಡ ಆಧಾರ ಸಿಕ್ಕಿದ್ದು ನಮ್ಮ ದೇಶದಲ್ಲೇ. 2009ರಲ್ಲಿ ಮಹಾರಾಷ್ಟ್ರದ ಬಾರ್ಶಿ, ತಮಿಳುನಾಡಿನ ಅಂಬಿಲಿಕ್ಕೈ ಮುಂತಾದ ಕಡೆಗಳಲ್ಲಿ ಎರಡು ಡೋಸ್ ಮೇಲೋ ಮೂರು ಮೇಲೋ ಎಂದು ನೋಡಲು ಒಂದು ಅಧ್ಯಯನ ಶುರುವಾಯಿತು. 2010ರಲ್ಲಿ ಸರ್ಕಾರ ಎಚ್‌ಪಿವಿ ಲಸಿಕೆಯ ಎಲ್ಲ ಪ್ರಯೋಗಗಳನ್ನೂ ನಿಲ್ಲಿಸಿತು. ಅಷ್ಟರಲ್ಲಿ ಸುಮಾರು 17,700 ಹುಡುಗಿಯರಿಗೆ ಲಸಿಕೆ ಆಗಿತ್ತು. ಅವರಲ್ಲಿ ಸುಮಾರು ಐದು ಸಾವಿರ ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತ್ತು. ಸಂಶೋಧಕರು ಅವರನ್ನು ಕೈಬಿಡಲಿಲ್ಲ, ವರ್ಷ ವರ್ಷ ನೋಡುತ್ತಾ ಹೋದರು. ಹತ್ತು ವರ್ಷದ ಲೆಕ್ಕ 2021ರಲ್ಲಿ ಹೊರಬಂತು. ಎಚ್‌ಪಿವಿ 16 ಮತ್ತು 18ರ ಬೇರೂರಿದ ಸೋಂಕಿನಿಂದ ಒಂದು ಡೋಸ್ ಕೊಟ್ಟ ರಕ್ಷಣೆ ಶೇ 95.4. ಮೂರು ಡೋಸಿನದ್ದು ಶೇ 93.3. ಎರಡೂ ಒಂದೇ ಮಟ್ಟ ಎಂದು ತಿಳಿಯಿರಿ. ಒಂದು ಡೋಸಿನವರಲ್ಲಿ ಆ್ಯಂಟಿಬಾಡಿ ಪ್ರಮಾಣ ಕಡಿಮೆಯೇ ಇತ್ತು, ಆದರೆ ಕಾಯಲು ಸಾಕಾಗುವಷ್ಟಿತ್ತು. ಗರ್ಭಕೊರಳಿನ ಕ್ಯಾನ್ಸರಿನಲ್ಲಿ ಸುಮಾರು ಶೇ 70 ಈ ಎರಡು ಬಗೆಗಳಿಂದಲೇ ಬರುತ್ತದೆ. ದೇಶದಲ್ಲಿ ವರ್ಷಕ್ಕೆ 1.2 ಲಕ್ಷಕ್ಕೂ ಜಾಸ್ತಿ ಹೆಂಗಸರಿಗೆ ಹೊಸದಾಗಿ ಈ ಕ್ಯಾನ್ಸರ್ ಬರುತ್ತಿದೆ.

2022ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ 9ರಿಂದ 14 ವರ್ಷದ ಹುಡುಗಿಯರಿಗೆ ಒಂದು ಅಥವಾ ಎರಡು ಡೋಸ್ ಎಂದಿತು. ಪುಣೆಯ ಸೀರಂ ಸಂಸ್ಥೆಯ ಎಚ್‌ಪಿವಿ ಲಸಿಕೆ ಸರ್ವಾವ್ಯಾಕ್ 2023ರಲ್ಲಿ ಮಾರುಕಟ್ಟೆಗೆ ಬಂದಾಗ ಈ ವಯಸ್ಸಿಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್ ಎಂದು ಅನುಮತಿ ಇತ್ತು. ಹಾಗಾಗಿ ನಿಮ್ಮ ಡಾಕ್ಟರು ಎರಡು ಎಂದರೂ ತಪ್ಪಲ್ಲ, ಹಾಕಿಸಿ. ಎಚ್‌ಐವಿ ಇದ್ದವರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಒಂದು ಡೋಸ್ ಸಾಲದು.

ಇನ್ನು ಮಂಗನ ಕಾಯಿಲೆ. ನೀವು ಕೇಳಿದ್ದು ಸರಿಯಾದ ಪ್ರಶ್ನೆ, ಮತ್ತು ಅದರ ಹಿಂದಿರುವ ನೋವೂ ನನಗೆ ಗೊತ್ತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ, ಉಣುಗು ಕಚ್ಚಿ ಹರಡುವ ರೋಗ ಇದು. 2018-19ರಲ್ಲಿ ಅರಳಗೋಡು ಸುತ್ತಮುತ್ತ ಅದು ಹರಡಿದ್ದನ್ನು ಸಾಗರದವರು ಯಾರೂ ಮರೆತಿಲ್ಲ. ಆ ಲಸಿಕೆಯಲ್ಲಿ ಇದ್ದದ್ದು ಕೋಳಿಭ್ರೂಣದ ಕೋಶಗಳಲ್ಲಿ ಬೆಳೆಸಿ ಫಾರ್ಮಲಿನ್ ಎಂಬ ರಾಸಾಯನಿಕದಲ್ಲಿ ಕೊಂದ ವೈರಸ್. ತಿಂಗಳ ಅಂತರದಲ್ಲಿ ಎರಡು, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ಐದು ವರ್ಷ ವರ್ಷಕ್ಕೊಂದು. ಚುಚ್ಚಿದ ಜಾಗ ಎಷ್ಟು ನೋಯುತ್ತಿತ್ತು ಎಂದು ನಿಮಗೆ ಹೇಳಬೇಕಿಲ್ಲ. 2005ರಿಂದ 2010ರವರೆಗಿನ ಲೆಕ್ಕ ನೋಡಿದರೆ ಎರಡು ಡೋಸಿಗೆ ಸುಮಾರು ಶೇ 62, ಬೂಸ್ಟರ್ ಸೇರಿದರೆ ಶೇ 83ರಷ್ಟು ರಕ್ಷಣೆ ಸಿಕ್ಕಿತ್ತು. ಆಮೇಲಾಮೇಲೆ ಅದರ ಬಲ ಕುಂದಿತು, ಕೊಡುವುದನ್ನು ನಿಲ್ಲಿಸಿದರು. ಅದು ಏನೂ ಕೆಲಸ ಮಾಡಲಿಲ್ಲ ಎನ್ನಲಾರೆ. ಬೂಸ್ಟರ್ ತಪ್ಪಿಸದೆ ಹಾಕಿಸಿಕೊಂಡ ಎಷ್ಟೋ ಮನೆಗಳನ್ನು ಅದು ಕಾದಿದೆ.

ಇಡೀ ವೈರಸ್ಸೇ ಇದ್ದೂ ನೆನಪು ಯಾಕೆ ಗಟ್ಟಿಯಾಗಲಿಲ್ಲ? ಫಾರ್ಮಲಿನ್ ವೈರಸ್ಸನ್ನು ಕೊಲ್ಲುವುದು ಪ್ರೋಟೀನುಗಳನ್ನು ಒಂದಕ್ಕೊಂದು ಹೆಣೆದು. ಆ ಹೆಣಿಗೆಯಲ್ಲಿ ಹೊರಮೈಯ ಕೆಲವು ಗುರುತುಗಳು ಮಾಸುತ್ತವೆ. ಎಲ್1 ಆಕಾರ ಕೆಟ್ಟರೆ ಏನಾಗುತ್ತದೆ ಎಂದು ಆಗಲೇ ಹೇಳಿದೆನಲ್ಲ. ಹಾಗೆಂದು ಕೊಂದ ವೈರಸ್ಸಿನ ಲಸಿಕೆಗಳೆಲ್ಲ ದುರ್ಬಲ ಎಂದಲ್ಲ. ಉಣುಗಿನಿಂದಲೇ ಹರಡುವ, ಇದೇ ಕುಟುಂಬದ ಮಿದುಳು ಜ್ವರ ಯುರೋಪಿನಲ್ಲಿದೆ. ಅದರ ಲಸಿಕೆಯೂ ಫಾರ್ಮಲಿನ್‌ನಲ್ಲಿ ಕೊಂದದ್ದೇ. ಆದರೆ ಚೆನ್ನಾಗಿ ಶುದ್ಧ ಮಾಡಿ, ಅಲ್ಯೂಮಿನಿಯಂ ಲವಣ ಸೇರಿಸಿ ಕೊಡುತ್ತಾರೆ. ಚೆನ್ನಾಗಿ ಕಾಯುತ್ತದೆ, ಮೂರರಿಂದ ಐದು ವರ್ಷಕ್ಕೊಮ್ಮೆ ಬೂಸ್ಟರ್ ಬೇಕು ಅಷ್ಟೇ. ಅಂದರೆ ಸೋತದ್ದು ನಮ್ಮ ದೇಹವಲ್ಲ, ನಮ್ಮ ಊರಿನ ಜನವೂ ಅಲ್ಲ. ದಶಕಗಳ ಕಾಲ ಅದೇ ಹಳೆಯ ತಯಾರಿಯನ್ನು ನಂಬಿ ಕೂತೆವು. ಇನ್ನೂ ಒಳ್ಳೆಯ ಲಸಿಕೆ ಮಲೆನಾಡಿಗೆ ಎಂದೋ ಸಿಗಬೇಕಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೊಸದಕ್ಕೆ ಕೈಹಾಕಿದೆ. ಯುರೋಪಿನ ಆ ವೈರಸ್, ಜಪಾನೀಸ್ ಮಿದುಳು ಜ್ವರದ ವೈರಸ್ ಇವುಗಳ ಹೊರ ಪ್ರೋಟೀನುಗಳು ಕೂಡ ಕೋಶದೊಳಗೆ ತಾವಾಗಿಯೇ ಖಾಲಿ ಚೆಂಡು ಕಟ್ಟುತ್ತವೆ. ಹಾಗಾಗಿ ಈ ದಾರಿ ಆ ಕುಟುಂಬಕ್ಕೂ ತೆರೆದೇ ಇದೆ. ಅಲ್ಲಿಯವರೆಗೆ ಕಾಡಿಗೆ ದರಗು ತರಲು, ಸೌದೆಗೆ ಹೋಗುವ ಮುಂಚೆ ಉಣುಗು ಹತ್ತದಂತೆ ಡೆಪಾ ಎಣ್ಣೆ ಹಚ್ಚಿಕೊಳ್ಳಿ. ಬಂದ ಮೇಲೆ ಬಿಸಿನೀರು ಸ್ನಾನ ಮಾಡಿ, ಬಟ್ಟೆ ಕುದಿಸಿ, ಉಣುಗು ಕಚ್ಚಿಕೊಂಡಿದೆಯಾ ನೋಡಿಕೊಳ್ಳಿ.

ಕೊನೆಗೆ ನಿಮ್ಮ ಮಾತು. ಈ ಲಸಿಕೆ ಮುಂದೆ ಬರುವ ವೈರಸ್ಸನ್ನು ಬಾಗಿಲಲ್ಲಿ ತಡೆಯುತ್ತದೆ, ಈಗಾಗಲೇ ಒಳಗೆ ಕೂತದ್ದನ್ನು ಹೊರಗೆ ಹಾಕುವುದಿಲ್ಲ. ಅದಕ್ಕೇ ಮಕ್ಕಳಿಗೆ ಎಳೆ ವಯಸ್ಸಿನಲ್ಲಿ ಕೊಡುವುದು. ಸರ್ವಾವ್ಯಾಕ್‌ಗೆ 26 ವರ್ಷದವರೆಗೆ ಅನುಮತಿ ಇದೆ, ಇನ್ನೊಂದು ಎಚ್‌ಪಿವಿ ಲಸಿಕೆ ಗಾರ್ಡಸಿಲ್‌ಗೆ 45ರವರೆಗೆ. 38ಕ್ಕೆ ಹಾಕಿಸಿಕೊಂಡರೆ ತೊಂದರೆಯಿಲ್ಲ, ಆದರೆ ಸಿಗುವ ಲಾಭ ಮಗಳಿಗೆ ಸಿಗುವಷ್ಟಲ್ಲ. ನಿಮಗೆ ಅದಕ್ಕಿಂತ ಮುಖ್ಯವಾದದ್ದು ಗರ್ಭಕೊರಳಿನ ತಪಾಸಣೆ. 30 ದಾಟಿದ ಎಲ್ಲ ಹೆಂಗಸರೂ ಮಾಡಿಸಬೇಕು. ವಿನೆಗರ್‌ನಂಥ ತೆಳು ಅಸಿಟಿಕ್ ಆಮ್ಲ ಹಚ್ಚಿ ನೋಡುವ ಸರಳ ಪರೀಕ್ಷೆ ಐದು ನಿಮಿಷದ್ದು, ಎಚ್‌ಪಿವಿ ಪರೀಕ್ಷೆ ಸಿಕ್ಕರೆ ಇನ್ನೂ ಒಳ್ಳೆಯದು. ಮಗಳ ಇಂಜೆಕ್ಷನ್ ದಿನವೇ ನಿಮ್ಮದನ್ನೂ ಕೇಳಿಕೊಂಡು ಬನ್ನಿ. ಅವಳು ಲಸಿಕೆ ಹಾಕಿಸಿಕೊಂಡಿದ್ದರೂ 30 ಆದ ಮೇಲೆ ತಪಾಸಣೆ ಬಿಡುವ ಹಾಗಿಲ್ಲ, ಈ ಲಸಿಕೆ ತಡೆಯದ ಬೇರೆ ಬಗೆಗಳೂ ಇವೆ.

ಆ ದಿನ ಅವಳನ್ನು ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಬೇಡಿ. ಈ ವಯಸ್ಸಿನ ಮಕ್ಕಳಿಗೆ ಸೂಜಿ ಕಂಡರೆ ತಲೆ ಸುತ್ತುವುದು ಮಾಮೂಲು. ಚುಚ್ಚಿದ ಮೇಲೆ ಹದಿನೈದು ನಿಮಿಷ ಅಲ್ಲೇ ಕೂರಿಸಿ. ತೋಳು ಒಂದೆರಡು ದಿನ ನೋಯಬಹುದು, ಸ್ವಲ್ಪ ಜ್ವರ ಬರಬಹುದು. ಕಂಕುಳಲ್ಲಿ ಅವರೆಕಾಳಿನಷ್ಟು ಗಂಟು ಕೈಗೆ ಸಿಕ್ಕರೆ ಗಾಬರಿಯಾಗಬೇಡಿ, ಸಸಿಮಡಿ ಎದ್ದಿದೆ ಎಂದು ಅವಳಿಗೆ ಹೇಳಿ. ಕೆಲವು ವಾರದಲ್ಲಿ ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ.